ಕೈಯಿಂದ ಶುರು ಮಾಡಿದರೆ ನಡೆಯುವ ಸಾಂಬಾ, ಬೂಟ್ ಆದಾಗ ಏಕೆ ಏಳುವುದಿಲ್ಲ?

ಪ್ರಶ್ನೆ: ಲಿನಕ್ಸ್ ಯಂತ್ರವೊಂದರಲ್ಲಿ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ತಂತ್ರಾಂಶ) ಹಾಕಿ ಫೈಲ್ ಸರ್ವರ್ ಮಾಡಿಕೊಂಡಿದ್ದೇನೆ. ರೀಬೂಟ್ ಆದಾಗಲೆಲ್ಲ ಹಂಚಿದ ಫೋಲ್ಡರ್‌ಗಳು ಯಾರಿಗೂ ಸಿಗುವುದಿಲ್ಲ. ಲಾಗಿನ್ ಆಗಿ ಸೇವೆಯನ್ನು ಮತ್ತೆ ಶುರು ಮಾಡಿದರೆ ಎಲ್ಲವೂ ಸರಿ. ಸಾಂಬಾ ತೆಗೆದು ಹೊಸದಾಗಿ ಹಾಕಬೇಕೇ?

ಉತ್ತರ: ಖಂಡಿತ ಬೇಡ. ಕೈಯಿಂದ ಶುರು ಮಾಡಿದಾಗ ತಕರಾರಿಲ್ಲದೆ ನಡೆಯುತ್ತದೆ ಎಂದಮೇಲೆ ಸೆಟ್ಟಿಂಗ್ ಕಡತದ ವ್ಯಾಕರಣದಲ್ಲಿ ತಪ್ಪಿರುವ ಸಾಧ್ಯತೆ ತೀರಾ ಕಡಿಮೆ. ಬಹುತೇಕ ತಪ್ಪಿರುವುದು ಬೂಟ್ ಹೊತ್ತಿನ ಸರದಿ.

ಸೇವೆ ‘ಎನೇಬಲ್’ ಆಗಿದೆಯೇ, ಅಂದರೆ ಬೂಟ್ ಆದಾಗ ತಾನಾಗಿ ಶುರುವಾಗುವಂತೆ ಇದೆಯೇ ಎಂದು ಮೊದಲು ನೋಡಿ. ‘ಸ್ಟಾರ್ಟ್’ ಮಾಡಿದ್ದು ಆ ಹೊತ್ತಿಗೆ ಮಾತ್ರ. ಮುಂದಿನ ಬೂಟ್‌ಗೆ ಅದು ಲೆಕ್ಕಕ್ಕಿಲ್ಲ. ಎನೇಬಲ್ ಆಗಿದ್ದರೆ, ಏನನ್ನೂ ಬದಲಿಸುವ ಮೊದಲು ಸಿಸ್ಟಮ್‌ಡಿಯ (ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ತಂತ್ರಾಂಶ) ಜರ್ನಲ್‌ನಲ್ಲಿ ಈ ಬೂಟ್‌ನ ದಾಖಲೆಯನ್ನು ಓದಿ. ಬೈಂಡ್ ಮಾಡಲು ಸಾಕೆಟ್ ಇಲ್ಲ (ಕರೆಗಳಿಗೆ ಕಿವಿಗೊಡಲು ವಿಳಾಸವೇ ಸಿಗಲಿಲ್ಲ) ಎಂಬರ್ಥದ ಸಾಲು ಕಂಡರೆ ಕಾರಣ ಸಿಕ್ಕಂತೆಯೇ.

ಸಾಂಬಾ ಏಳುವ ಹೊತ್ತಿಗೆ ಡಿಎಚ್‌ಸಿಪಿಯಿಂದ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಯಂತ್ರಕ್ಕೆ ಐಪಿ ವಿಳಾಸ ಇನ್ನೂ ಬಂದಿರಲಿಲ್ಲ. ಸೆಟ್ಟಿಂಗ್‌ನಲ್ಲಿ ‘ಬೈಂಡ್ ಇಂಟರ್‌ಫೇಸಸ್ ಓನ್ಲಿ’ (ಪಟ್ಟಿ ಮಾಡಿದ ನೆಟ್‌ವರ್ಕ್ ಸಂಪರ್ಕಗಳಲ್ಲಿ ಮಾತ್ರ ಕಿವಿಗೊಡು) ಎಂಬುದಕ್ಕೆ ‘ಯೆಸ್’ ಎಂದು ಬರೆದಿದ್ದರೆ ಇದು ಹೆಚ್ಚು ಕಾಡುತ್ತದೆ. ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೇ ಮಾತಾಡುವ ಸಂಪರ್ಕ) ಕೂಡ ಆ ಪಟ್ಟಿಯಲ್ಲಿದ್ದರೆ ಇನ್ನೂ ಮೋಸ: ಸೇವೆ ‘ಆ್ಯಕ್ಟಿವ್’ ಎಂದೇ ತೋರಿಸುತ್ತದೆ, ಆದರೆ ಸಾಂಬಾ ಬಳಸುವ 445ನೇ ಪೋರ್ಟ್‌ನಲ್ಲಿ ತನ್ನ ಯಂತ್ರದ ಕರೆಗೆ ಮಾತ್ರ ಓಗೊಡುತ್ತದೆ.

ಸಿಸ್ಟಮ್‌ಡಿಯಲ್ಲಿ ‘ನೆಟ್‌ವರ್ಕ್.ಟಾರ್ಗೆಟ್’ ಎಂದರೆ ನೆಟ್‌ವರ್ಕ್ ನಿರ್ವಹಿಸುವ ತಂತ್ರಾಂಶ ಶುರುವಾಗಿದೆ ಎಂದಷ್ಟೇ. ವಿಳಾಸ ಸಿಗುವವರೆಗೆ ಕಾಯಲು ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಬೇಕು. ಸೇವೆಯ ಮೂಲ ಕಡತವನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಬಿಡಬಹುದು. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಬಳಸಿ ಸೇರ್ಪಡೆ ಕಡತ ಮಾಡಿ, ಅದರಲ್ಲಿ ಈ ಟಾರ್ಗೆಟ್ ಅನ್ನು ‘ವಾಂಟ್ಸ್’ ಮತ್ತು ‘ಆಫ್ಟರ್’ ಎರಡರಲ್ಲೂ ಬರೆಯಿರಿ. ‘ಆಫ್ಟರ್’ ಸರದಿಯನ್ನಷ್ಟೇ ಹೇಳುತ್ತದೆ. ಟಾರ್ಗೆಟ್ ಅನ್ನು ಕರೆತರುವುದು ‘ವಾಂಟ್ಸ್’. ನಿಮ್ಮ ನೆಟ್‌ವರ್ಕ್ ತಂತ್ರಾಂಶದ ‘ವೇಟ್-ಆನ್‌ಲೈನ್’ ಸೇವೆಯೂ ಎನೇಬಲ್ ಆಗಿರಬೇಕು, ಇಲ್ಲದಿದ್ದರೆ ಕಾಯುವವರೇ ಇರುವುದಿಲ್ಲ.

ನೆಟ್‌ವರ್ಕ್ ಸರಿಯಿದ್ದೂ ಫೋಲ್ಡರ್‌ಗಳು ಖಾಲಿ ಕಂಡರೆ ಡಿಸ್ಕ್ ಕಡೆ ತಿರುಗಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಹೊತ್ತಿಗೆ ಮೌಂಟ್ ಮಾಡಬೇಕಾದ, ಅಂದರೆ ಫೋಲ್ಡರ್‌ಗೆ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ‘ನೋಫೇಲ್’ ಇದ್ದರೆ ಆ ಡಿಸ್ಕ್‌ಗಾಗಿ ಬೂಟ್ ಕಾಯುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಮೌಂಟ್ ಆಗದ ಖಾಲಿ ಫೋಲ್ಡರ್‌ಗೆ ಯಾರಾದರೂ ಕಡತ ಬರೆದರೆ ಅದು ಲಿನಕ್ಸ್ ಇರುವ ಡಿಸ್ಕ್‌ನಲ್ಲಿ ಕೂರುತ್ತದೆ, ಆಮೇಲೆ ನಿಜವಾದ ಡಿಸ್ಕ್ ಮೌಂಟ್ ಆದಾಗ ಅದರ ಅಡಿಯಲ್ಲಿ ಮರೆಯಾಗುತ್ತದೆ. ಬರೆದವರು ಕಡತವೇ ಕಳೆದುಹೋಯಿತೆಂದು ಗಾಬರಿಯಾಗುತ್ತಾರೆ. ಅದೇ ಸೇರ್ಪಡೆ ಕಡತದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂದು ಬರೆದು ಫೋಲ್ಡರ್‌ನ ದಾರಿ ಕೊಟ್ಟರೆ, ಮೌಂಟ್ ಆಗದೆ ಸಾಂಬಾ ಏಳುವುದೇ ಇಲ್ಲ. ಸಾಂಬಾ ಬದಲು ಎನ್‌ಎಫ್‌ಎಸ್ (ಫೋಲ್ಡರ್ ಹಂಚುವ ಇನ್ನೊಂದು ವ್ಯವಸ್ಥೆ) ಬಳಸುವವರಿಗೆ ಇದೇ ಕೆಲಸಕ್ಕೆ ಎಕ್ಸ್‌ಪೋರ್ಟ್ಸ್ ಕಡತದಲ್ಲೇ ‘ಮೌಂಟ್‌ಪಾಯಿಂಟ್’ ಎಂಬ ಆಯ್ಕೆ ಇದೆ.

ಬದಲಾವಣೆಯ ನಂತರ ಸೇವೆಯನ್ನು ರೀಸ್ಟಾರ್ಟ್ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಯಂತ್ರವನ್ನೇ ರೀಬೂಟ್ ಮಾಡಿ, ಸರ್ವರ್‌ಗೆ ಲಾಗಿನ್ ಆಗದೆ, ಬೇರೊಂದು ಕಂಪ್ಯೂಟರ್‌ನಿಂದ ಫೋಲ್ಡರ್ ತೆರೆದು ನೋಡಿ.