ಕೆ-ಪಾಪ್ ಮತ್ತು ಕಪ್ಪು ಸಂಗೀತ: ಋಣ ಯಾವುದು, ಕಬಳಿಕೆ ಯಾವುದು?

ಜನಪ್ರಿಯ ಸಂಸ್ಕೃತಿ ಪೇಪರ್‌ಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಬಿಟಿಎಸ್ ಯಾರು, ಐಡಲ್ ಅಂದರೇನು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇರುತ್ತದೆ. ಕೆ-ಪಾಪ್, ಅಂದರೆ ದಕ್ಷಿಣ ಕೊರಿಯಾದ ಪಾಪ್ ಸಂಗೀತದ ಮೇಲೆ ಕಪ್ಪು ಅಮೆರಿಕನ್ನರ ಸಂಗೀತದ ಋಣ ಇದೆ ಅನ್ನುವುದರಲ್ಲೂ ತಕರಾರಿಲ್ಲ. ತಕರಾರು ಇರುವುದು ಮುಂದಿನ ಪ್ರಶ್ನೆಯಲ್ಲಿ. ಅದು ಬರೀ ಋಣವೋ, ಇಲ್ಲಾ ಕಲ್ಚರಲ್ ಅಪ್ರೋಪ್ರಿಯೇಷನ್ ಅಂತಾರಲ್ಲ, ಆ ಸಂಸ್ಕೃತಿ ಕಬಳಿಕೆಯೋ?

ಪ್ರಶ್ನೆಯನ್ನು ಇಡಿಯಾಗಿ ತೆಗೆದುಕೊಂಡರೆ ಉತ್ತರ ಸಿಗುವುದಿಲ್ಲ. ಸದ್ದು, ಮೈ, ದುಡ್ಡು ಅಂತ ಮೂರಾಗಿ ಒಡೆಯಿರಿ. ಸದ್ದು ಅಂದರೆ ತಾಳ, ಹಾಡುವ ಶೈಲಿ, ರ‍್ಯಾಪ್. ಮೈ ಅಂದರೆ ಕೂದಲು, ಬಣ್ಣ, ಬಟ್ಟೆ, ಹಾವಭಾವ. ದುಡ್ಡು ಅಂದರೆ ಯಾರ ಹೆಸರು, ಯಾರ ಪಾಲು. ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ.

ಇತಿಹಾಸ, ಬೇಗಬೇಗ

1950–53ರ ಯುದ್ಧ ಮುಗಿದ ಮೇಲೂ ಅಮೆರಿಕದ ಎಂಟನೇ ಸೇನೆ ದಕ್ಷಿಣ ಕೊರಿಯಾದಲ್ಲೇ ಉಳಿಯಿತು. ದೇಶ ಬಡವಾಗಿತ್ತು. ಡಾಲರ್ ಇದ್ದದ್ದು ಸೇನಾ ನೆಲೆಗಳಲ್ಲಿ. ಅಲ್ಲಿನ ಕ್ಲಬ್‌ಗಳಲ್ಲಿ ಕೊರಿಯನ್ ಕಲಾವಿದರು ಹಾಡಿ, ನುಡಿಸಿ ಹೊಟ್ಟೆ ಹೊರೆದರು. ಅದಕ್ಕೆ ಆಡಿಷನ್ ಇತ್ತು. ಆಡಿಷನ್‌ನಲ್ಲಿ ಸಿಕ್ಕ ಗ್ರೇಡ್ ಮೇಲೆ ಸಂಭಾವನೆ. ಬಿಳಿ ಸೈನಿಕರು ಸೇರುವ ಕಡೆ ಕಂಟ್ರಿ, ರಾಕ್ ನುಡಿಸಬೇಕು. ಕಪ್ಪು ಸೈನಿಕರು ಸೇರುವ ಕಡೆ ಸೋಲ್, ರಿದಮ್ ಅಂಡ್ ಬ್ಲೂಸ್ (ಆರ್ ಅಂಡ್ ಬಿ). ಎರಡೂ ಬಂದರೆ ಕೆಲಸ ಉಳಿಯುತ್ತಿತ್ತು.

ಗಿಟಾರ್ ವಾದಕ ಶಿನ್ ಜುಂಗ್-ಹ್ಯುನ್ ಬೆಳೆದದ್ದು ಇಂಥ ವೇದಿಕೆಗಳಲ್ಲೇ. 1960ರ ದಶಕದ ಕೊನೆಗೆ ಅವರು ಪರ್ಲ್ ಸಿಸ್ಟರ್ಸ್, ಕಿಮ್ ಚು-ಜಾ ಮುಂತಾದವರಿಗೆ ಹಾಡು ಕೊಟ್ಟು, ಸೋಲ್ ಸಂಗೀತವನ್ನು ನೆಲೆಗಳ ಬೇಲಿ ದಾಟಿಸಿ ಊರಿಗೆ ತಂದರು. 1975ರಲ್ಲಿ ಪಾರ್ಕ್ ಚುಂಗ್-ಹೀ ಸರ್ಕಾರ ಗಾಂಜಾ ಕೇಸಿನಲ್ಲಿ ಶಿನ್ ಅವರನ್ನು ಜೈಲಿಗೆ ಹಾಕಿತು. ಆ ಸದ್ದು ಅಲ್ಲಿಗೆ ಅಡಗಿತು.

ಎರಡನೇ ಅಲೆ ಬಂದದ್ದು ಸಿಯೋಲ್ ನಗರದ ಇಟೇವಾನ್‌ನಿಂದ. ಅಲ್ಲೂ ಪಕ್ಕದಲ್ಲೇ ಅಮೆರಿಕದ ನೆಲೆ. 1980ರ ದಶಕದ ಕೊನೆಗೆ ಅಲ್ಲಿನ ‘ಮೂನ್ ನೈಟ್’ ಕ್ಲಬ್ಬಿನಲ್ಲಿ ಕಪ್ಪು ಸೈನಿಕರು ಕುಣಿಯುತ್ತಿದ್ದರು, ಕೊರಿಯನ್ ಹುಡುಗರು ನೋಡಿ ಕಲಿಯುತ್ತಿದ್ದರು. ಆ ಹುಡುಗರ ಪಟ್ಟಿ ನೋಡಿ. ಹ್ಯುನ್ ಜಿನ್-ಯಂಗ್ ಮುಂದೆ ಲೀ ಸೂ-ಮಾನ್ ಅವರ ಎಸ್‌ಎಂ ಕಂಪನಿಯ ಮೊದಲ ಸ್ಟಾರ್ ಆದರು. ಯಾಂಗ್ ಹ್ಯುನ್-ಸುಕ್ ‘ವೈಜಿ’ ಕಟ್ಟಿದರು. ಪಾರ್ಕ್ ಜಿನ್-ಯಂಗ್ ‘ಜೆವೈಪಿ’ ಕಟ್ಟಿದರು. ಅಂದರೆ ಮೂರೂ ದೊಡ್ಡ ಕಂಪನಿಗಳ ಬೇರು ಒಂದೇ ಡ್ಯಾನ್ಸ್ ಫ್ಲೋರ್‌ಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಇದೊಂದನ್ನು ಬರೆದರೂ ಇತಿಹಾಸದ ಅರ್ಧ ಭಾಗ ಮುಗಿದಂತೆ.

ಆ ಹುಡುಗರು ಕಲಿತದ್ದು ಮುಖ್ಯವಾಗಿ ‘ನ್ಯೂ ಜ್ಯಾಕ್ ಸ್ವಿಂಗ್’. ನ್ಯೂಯಾರ್ಕಿನ ಹಾರ್ಲೆಮ್‌ನ ಟೆಡ್ಡಿ ರೈಲಿ 1980ರ ದಶಕದ ಕೊನೆಗೆ ರೂಪಿಸಿದ ಶೈಲಿ ಅದು. ಹಿಪ್-ಹಾಪ್‌ನ ಗಟ್ಟಿ ಡ್ರಮ್, ಅದರ ಮೇಲೆ ಆರ್ ಅಂಡ್ ಬಿ ಹಾಡುಗಾರಿಕೆ. 1990ರಲ್ಲಿ ಹ್ಯುನ್ ಜಿನ್-ಯಂಗ್, 1992ರ ಮಾರ್ಚ್‌ನಲ್ಲಿ ಸಿಯೋ ತೈಜಿ ಅಂಡ್ ಬಾಯ್ಸ್, 1993ರಲ್ಲಿ ಡ್ಯೂಸ್, ಎಲ್ಲರದ್ದೂ ಇದೇ ದಾರಿ. (ಸಿಯೋ ತೈಜಿಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಕಿವಿಗೆ ಡ್ಯೂಸ್ ಜಾಸ್ತಿ ಹಿಡಿಸುತ್ತಾರೆ.) 2011ರಲ್ಲಿ ಗರ್ಲ್ಸ್ ಜನರೇಷನ್ ‘ದಿ ಬಾಯ್ಸ್’ ಹಾಡು ಮಾಡಿದಾಗ ಅದನ್ನು ಮಾಡಿಕೊಟ್ಟವರು ಅದೇ ಟೆಡ್ಡಿ ರೈಲಿ. ಕೇಳಿ ಕಲಿತವರು ದೊಡ್ಡವರಾಗಿ, ಮೂಲದವರನ್ನೇ ಕರೆದು ಸಂಬಳ ಕೊಟ್ಟು ಕೆಲಸ ಮಾಡಿಸಿದರು. ಈ ಸಾಲನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಭಾಗದಲ್ಲಿ ಬೇಕಾಗುತ್ತದೆ.

ಮೋಟೌನ್ ಬಗ್ಗೆ ಎರಡೇ ಮಾತು. ಡೆಟ್ರಾಯಿಟ್‌ನ ಬೆರಿ ಗಾರ್ಡಿ ಹಿಂದೆ ಕಾರು ಕಾರ್ಖಾನೆಯಲ್ಲಿ ದುಡಿದವರು. ತಮ್ಮ ಸಂಗೀತ ಕಂಪನಿ ಮೋಟೌನ್‌ನಲ್ಲಿ ಗಾಯಕರಿಗೆ ನಡೆ, ನುಡಿ, ಕುಣಿತ ಎಲ್ಲವನ್ನೂ ಕಲಿಸುವ ವ್ಯವಸ್ಥೆ ಇಟ್ಟಿದ್ದರು. ಕೆ-ಪಾಪ್ ಕಂಪನಿಗಳು ಎಳೆಯರನ್ನು ತರಬೇತಿ ಕೊಟ್ಟು ಐಡಲ್ ಮಾಡುವ ಟ್ರೇನಿ ಪದ್ಧತಿಗೆ ಜಪಾನಿನ ಐಡಲ್ ಕಂಪನಿಗಳೂ ಮಾದರಿ, ಮೋಟೌನ್ ಕೂಡ ಹತ್ತಿರದ ನೆಂಟ. 2008ರ ‘ನೋಬಡಿ’ ಹಾಡಿನಲ್ಲಿ ವಂಡರ್ ಗರ್ಲ್ಸ್ ಅವರ ಕೂದಲು, ಬಟ್ಟೆ, ಸಾಲಾಗಿ ನಿಂತು ಕುಣಿಯುವ ರೀತಿ ನೋಡಿದರೆ 1960ರ ದಶಕದ ಕಪ್ಪು ಹುಡುಗಿಯರ ಗುಂಪುಗಳು ಕಣ್ಣಿಗೆ ಕಟ್ಟುತ್ತವೆ. 2009ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 76ನೇ ಸ್ಥಾನಕ್ಕೆ ಬಂದ ಹಾಡು ಅದು.

ನಾನು ಸಿಕ್ಕಿಹಾಕಿಕೊಂಡ ಜಾಗ: ಬಲ ಯಾರ ಕಡೆ?

ಕಬಳಿಕೆಗೆ ಎಲ್ಲರೂ ಕೊಡುವ ವ್ಯಾಖ್ಯೆ ಒಂದೇ. ಬಲವಿರುವ ಗುಂಪು, ಬಲವಿಲ್ಲದ ಗುಂಪಿನ ಸಂಸ್ಕೃತಿಯನ್ನು ಕೇಳದೆ, ಹೆಸರು ಹೇಳದೆ ತನ್ನ ಲಾಭಕ್ಕೆ ಬಳಸುವುದು. ಬಿಳಿ ಅಮೆರಿಕನ್ನರ ವಿಷಯದಲ್ಲಿ ಇದು ಸಲೀಸಾಗಿ ಹೊಂದುತ್ತದೆ. 1950ರ ದಶಕದಲ್ಲಿ ಲಿಟಲ್ ರಿಚರ್ಡ್ ಹಾಡಿದ್ದನ್ನೇ ಪ್ಯಾಟ್ ಬೂನ್ ಸಪ್ಪೆಯಾಗಿ ಹಾಡಿ ಪಟ್ಟಿಯಲ್ಲಿ ಮೇಲೆ ಹೋದರು. ಅಲ್ಲಿ ಬಲ ಯಾರದ್ದು ಅಂತ ಕೇಳುವುದೇ ಬೇಡ.

ಕೊರಿಯಾಕ್ಕೆ ಬಂದರೆ ಇದು ಕೂರುವುದಿಲ್ಲ. 1910ರಿಂದ 1945ರವರೆಗೆ ಜಪಾನಿನ ವಸಾಹತು. ಆಮೇಲೆ ಯುದ್ಧ, ಆಮೇಲೆ ಪರದೇಶದ ಸೇನೆ. ಕೊರಿಯನ್ನರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡವರಲ್ಲ. ಅಮೆರಿಕಕ್ಕೆ ಹೋದ ಕೊರಿಯನ್ನರು ಅಲ್ಲಿ ಅಲ್ಪಸಂಖ್ಯಾತರು. ಹಾಗಾದರೆ ‘ಬಲವಿರುವ ಗುಂಪು’ ಅನ್ನುವ ಷರತ್ತೇ ಬಿದ್ದುಹೋಯಿತಲ್ಲ, ಕಬಳಿಕೆ ಹೇಗಾಗುತ್ತದೆ? ತುಂಬಾ ಅಭಿಮಾನಿಗಳು ಇಲ್ಲಿಗೇ ವಾದ ಮುಗಿಸುತ್ತಾರೆ. ಇನ್ನೊಂದು ಕಡೆಯವರು, ಅವರದ್ದಲ್ಲದ್ದನ್ನು ತೆಗೆದುಕೊಂಡರೆ ಕಳ್ಳತನವೇ ಅಂತಾರೆ. ಆ ಲೆಕ್ಕದಲ್ಲಿ ಕೊರಿಯನ್ ಭಾಷೆಯಲ್ಲಿ ಯಾರೂ ರ‍್ಯಾಪ್ ಮಾಡಬಾರದು. ಕನ್ನಡದ ರ‍್ಯಾಪರ್‌ಗಳಾದ ಆಲ್ ಓಕೆ, ಚಂದನ್ ಶೆಟ್ಟಿ ಕೂಡ ಬಾಯಿ ಮುಚ್ಚಬೇಕು.

ಗಂಟು ಬಿಚ್ಚುವುದು ಹೀಗೆ: ಬಲ ಅನ್ನುವುದು ಒಂದೇ ಏಣಿಯಲ್ಲ. ಯಾವ ಜಾಗದಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲೆ ಮೇಲಿನವರು, ಕೆಳಗಿನವರು ಬದಲಾಗುತ್ತಾರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಯೋಲ್ ಮತ್ತು ವಾಷಿಂಗ್ಟನ್ ನಡುವೆ ನಿಂತು ನೋಡಿ. ಕೊರಿಯಾ ಕೆಳಗಿದೆ. ಎಂಟನೇ ಸೇನೆಯ ಕ್ಲಬ್ಬಿನಲ್ಲಿ ಕೊರಿಯನ್ ಹುಡುಗ ಸೋಲ್ ಸಂಗೀತ ನುಡಿಸಿದ್ದು ಅನ್ನಕ್ಕಾಗಿ.

ಈಗ ಕೊರಿಯಾದ ಒಳಗೆ ನಿಂತು ನೋಡಿ. ಅಲ್ಲಿನ ಬೀದಿಯಲ್ಲಿ, ಟಿವಿ ಸ್ಟುಡಿಯೋದಲ್ಲಿ ಕೊರಿಯನ್ನರು ಮೇಲಿದ್ದಾರೆ, ಕಪ್ಪು ಮೈಬಣ್ಣದವರು ಕೆಳಗಿದ್ದಾರೆ. 2020ರ ಆಗಸ್ಟ್‌ನಲ್ಲಿ ಒಂದು ಹೈಸ್ಕೂಲಿನ ಹುಡುಗರು ಮುಖಕ್ಕೆ ಕಪ್ಪು ಬಳಿದುಕೊಂಡು, ಘಾನಾದ ಶವಪೆಟ್ಟಿಗೆ ಹೊತ್ತು ಕುಣಿಯುವವರನ್ನು ಅಣಕಿಸಿ ಫೋಟೋ ತೆಗೆಸಿಕೊಂಡರು. ಕೊರಿಯನ್ ಟಿವಿಯಲ್ಲಿ ಹೆಸರಾಗಿದ್ದ ಘಾನಾ ಮೂಲದ ಸ್ಯಾಮ್ ಓಕೈರೆ ಅದನ್ನು ತಪ್ಪು ಅಂದರು. ಜನ ತಿರುಗಿಬಿದ್ದರು. ಕೊನೆಗೆ ಕ್ಷಮೆ ಕೇಳಿದ್ದು ಓಕೈರೆ!

ಮೂರನೆಯದಾಗಿ ಲಾಸ್ ಏಂಜಲೀಸ್. 1991ರ ಮಾರ್ಚ್‌ನಲ್ಲಿ ಕೊರಿಯನ್ ಅಂಗಡಿಯೊಂದರಲ್ಲಿ 15 ವರ್ಷದ ಕಪ್ಪು ಹುಡುಗಿಯನ್ನು ಅಂಗಡಿಯವರು ಗುಂಡಿಟ್ಟು ಕೊಂದರು. ಅಪರಾಧ ಸಾಬೀತಾದರೂ ಕೋರ್ಟು ಜೈಲಿಗೆ ಕಳಿಸಲಿಲ್ಲ. 1992ರ ಏಪ್ರಿಲ್ 29ಕ್ಕೆ, ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನನ್ನು ಹೊಡೆದ ಪ್ರಕರಣದ ಪೊಲೀಸರು ಖುಲಾಸೆಯಾದಾಗ ನಗರ ಹತ್ತಿ ಉರಿಯಿತು. ಕೊರಿಯನ್ನರ ಅಂಗಡಿಗಳು ದೊಡ್ಡ ಸಂಖ್ಯೆಯಲ್ಲಿ ನಾಶವಾದವು, ಪೊಲೀಸರು ಅವರ ಸಹಾಯಕ್ಕೆ ಬರಲಿಲ್ಲ. ಇಲ್ಲಿ ಮೇಲಿನವರು ಯಾರು, ಕೆಳಗಿನವರು ಯಾರು ಹೇಳಿ ನೋಡೋಣ? ತಾರೀಖು ಗಮನಿಸಿ. ಅದೇ ವಸಂತದಲ್ಲಿ ಸಿಯೋಲ್‌ನ ಹುಡುಗರು ಸಿಯೋ ತೈಜಿಯ ಹಾರ್ಲೆಮ್ ತಾಳಕ್ಕೆ ಕುಣಿಯುತ್ತಿದ್ದರು. ಸಂಗೀತ ಹತ್ತಿರವಾದರೆ ಜನರೂ ಹತ್ತಿರವಾಗುತ್ತಾರೆ ಅನ್ನುವವರಿಗೆ ಈ ತಾರೀಖು ತೋರಿಸಬೇಕು.

ನಾಲ್ಕನೆಯದು ಇಂದಿನ ಮಾರುಕಟ್ಟೆ. ಬಿಟಿಎಸ್ ಕಂಪನಿ ಹೈಬ್ 2023ರಲ್ಲಿ ಅಟ್ಲಾಂಟಾದ ಹಿಪ್-ಹಾಪ್ ಕಂಪನಿ ಕ್ವಾಲಿಟಿ ಕಂಟ್ರೋಲ್ ಅನ್ನು ಸುಮಾರು 30 ಕೋಟಿ ಡಾಲರ್‌ಗೆ ಕೊಂಡಿತು. ಮೀಗೋಸ್, ಲಿಲ್ ಬೇಬಿ ಹಾಡುಗಳನ್ನು ತಂದ ಕಂಪನಿ ಅದು. ‘ಕೊರಿಯಾ ಪಾಪ, ಚಿಕ್ಕ ದೇಶ’ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಸಿದ್ಧಾಂತ ಬೇಕು ಅನ್ನುವವರಿಗೆ ಸಂವಹನ ವಿದ್ವಾಂಸ ರಿಚರ್ಡ್ ರೋಜರ್ಸ್ ಇದ್ದಾರೆ. ಅವರು 2006ರಲ್ಲಿ ನಾಲ್ಕು ಬಗೆ ಹೇಳಿದರು: ಸಮಾನರ ನಡುವಿನ ವಿನಿಮಯ, ಮೇಲಿನವರ ಸಂಸ್ಕೃತಿಯನ್ನು ಕೆಳಗಿನವರು ಬಲವಂತಕ್ಕೆ ಕಲಿಯುವುದು, ಶೋಷಣೆ, ಮತ್ತು ಯಾರ ಮೂಲ ಯಾವುದು ಅಂತ ಬಿಡಿಸಲಾಗದ ಬೆರಕೆ. ಕೆ-ಪಾಪ್ ಯಾವ ಖಾನೆಗೆ ಸೇರುತ್ತದೆ ಅಂತ ಹುಡುಕುತ್ತಾ ಕೂತರೆ ತಲೆ ಕೆಡುತ್ತದೆ. ನಾಲ್ಕಕ್ಕೂ ಸೇರುತ್ತದೆ, ಬೇರೆ ಬೇರೆ ಕಾಲದಲ್ಲಿ. ಸೇನೆಯ ಕ್ಲಬ್ಬು ಎರಡನೆಯದಕ್ಕೆ ಹತ್ತಿರ. ಮೂನ್ ನೈಟ್ ಮೊದಲನೆಯದಕ್ಕೆ. ಮುಖಕ್ಕೆ ಕಪ್ಪು ಬಳಿಯುವುದು ಮೂರನೆಯದು. ಇಂದಿನ ಹಾಡು, ಅಮೆರಿಕ, ಸ್ವೀಡನ್, ಕೊರಿಯಾದವರು ಒಂದೇ ಕೋಣೆಯಲ್ಲಿ ಕೂತು ಬರೆದದ್ದು, ನಾಲ್ಕನೆಯದು. ಇಷ್ಟು ಹೊಳೆದ ಮೇಲೆ ನನಗೆ ಉಳಿದದ್ದೆಲ್ಲ ಸುಲಭವಾಯಿತು.

ಮೈ: ಇನ್‌ಸೂನಿಯ ಕೂದಲು

ನಾನಂತೂ ಈ ವಿಷಯದಲ್ಲಿ ಏನೇ ಬಂದರೂ ಗಾಯಕಿ ಇನ್‌ಸೂನಿಯಿಂದಲೇ ಶುರು ಮಾಡುತ್ತೇನೆ. 1957ರಲ್ಲಿ ಹುಟ್ಟಿದವರು. ತಂದೆ ಕಪ್ಪು ಅಮೆರಿಕನ್ ಸೈನಿಕ, ತಾಯಿ ಕೊರಿಯನ್. 1978ರಲ್ಲಿ ಹೀ ಸಿಸ್ಟರ್ಸ್ ಗುಂಪಿನಿಂದ ಬಂದರು. ಎಂಥ ಗಂಟಲು! ಆದರೆ ಟಿವಿಗೆ ಬರುವಾಗ ಆ ಗುಂಗುರು ಕೂದಲನ್ನು ಮುಚ್ಚಿಕೊಳ್ಳಬೇಕಿತ್ತು. ರ‍್ಯಾಪರ್ ಯುನ್ ಮಿ-ರೇ ಅವರ ತಂದೆಯೂ ಕಪ್ಪು ಅಮೆರಿಕನ್ ಸೈನಿಕ. ಮೈಬಣ್ಣಕ್ಕಾಗಿ ಚಿಕ್ಕಂದಿನಲ್ಲಿ ಅನುಭವಿಸಿದ್ದನ್ನು ಅವರು 2007ರಲ್ಲಿ ಹಾಡಾಗಿಸಿದರು.

ಈಗ ಇದರ ಪಕ್ಕಕ್ಕೆ ಐಡಲ್‌ಗಳು ಹಾಕಿಕೊಳ್ಳುವ, ಕಪ್ಪು ಜನರ ಕೂದಲ ಶೈಲಿಗಳಾದ ಕಾರ್ನ್‌ರೋ ಜಡೆ, ಡ್ರೆಡ್‌ಲಾಕ್‌ಗಳನ್ನು ಇಡಿ. ಒಂದು ಆಲ್ಬಮ್‌ಗೆ ಹೆಣೆಸಿಕೊಂಡು, ಮುಂದಿನದಕ್ಕೆ ಬಿಚ್ಚಿಸಿ ಬಣ್ಣ ಹಾಕಿಸುತ್ತಾರೆ. ಹುಟ್ಟಿನಿಂದ ಬಂದವರು ಮುಚ್ಚಿಡಬೇಕಾದದ್ದು, ಬಾಡಿಗೆಗೆ ತಂದವರಿಗೆ ‘ಕಾನ್ಸೆಪ್ಟ್’ ಆಗುತ್ತದೆ. ಅಮೆರಿಕದಲ್ಲೂ ಇದು ಹಳೆಯ ಕಥೆಯಲ್ಲ. ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಅಂತ ‘ಕ್ರೌನ್’ ಕಾನೂನು ಮೊದಲು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ 2019ರಲ್ಲಿ. ಅದಕ್ಕೇ ‘ಕೂದಲು ತಾನೇ, ಬಿಡಿ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಶಾರ್ಟ್‌ಕಟ್ ಪ್ರಶ್ನೆ: ಅದೇ ಗುರುತಿಗೆ ಒಬ್ಬರು ಪೆಟ್ಟು ತಿಂದು, ಇನ್ನೊಬ್ಬರು ಚಪ್ಪಾಳೆ ಗಿಟ್ಟಿಸಿದರಾ? ಹೌದು ಅಂದರೆ ಕಬಳಿಕೆಯ ವಾಸನೆ ಇದೆ.

ಕಪ್ಪು ಬಳಿಯುವುದಕ್ಕೆ ಈ ಪ್ರಶ್ನೆಯೂ ಬೇಕಿಲ್ಲ, ಅದು ಸೀದಾ ಅಣಕ. 2003ರಲ್ಲಿ ಬಬಲ್ ಸಿಸ್ಟರ್ಸ್ ಅನ್ನುವ ಗುಂಪು ಮುಖಕ್ಕೆ ಕಪ್ಪು ಬಳಿದುಕೊಂಡೇ ಬಂದಿತ್ತು. 2017ರ ಮಾರ್ಚ್‌ನಲ್ಲಿ ಮಾಮಾಮೂ ಗುಂಪು ‘ಅಪ್‌ಟೌನ್ ಫಂಕ್’ ಅಣಕು ವಿಡಿಯೊದಲ್ಲಿ ಹಾಗೇ ಮಾಡಿ ಕ್ಷಮೆ ಕೇಳಿತು. 2025ರ ಏಪ್ರಿಲ್‌ನಲ್ಲಿ ಕಿಸ್ ಆಫ್ ಲೈಫ್ ಗುಂಪಿನವರು ಹುಟ್ಟುಹಬ್ಬದ ಲೈವ್‌ನಲ್ಲಿ ‘ಹಿಪ್-ಹಾಪ್ ವೇಷ’ ಹಾಕಿ, ಮಾತಿನ ಧಾಟಿಯನ್ನೂ ಅಣಕಿಸಿದರು. ಬಣ್ಣ ಬಳಿದಿರಲಿಲ್ಲ, ಆದರೂ ಲಾಸ್ ಏಂಜಲೀಸ್‌ನ ಕೆಕಾನ್ ಅನ್ನುವ ಕೆ-ಪಾಪ್ ಉತ್ಸವದ ವೇದಿಕೆ ಕೈತಪ್ಪಿತು. ಹಿಪ್-ಹಾಪ್ ಹಾಡುವುದು ಬೇರೆ, ಹಿಪ್-ಹಾಪ್ ಜನರ ವೇಷ ಹಾಕುವುದು ಬೇರೆ. ಆ ಲೈವ್ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಭಾರತದ ಅಭಿಮಾನಿಗಳಿಗೆ ಒಂದು ಹತ್ತಿರದ ಉದಾಹರಣೆ 2020ರ ಜೂನ್‌ನ ಬ್ಲ್ಯಾಕ್‌ಪಿಂಕ್ ಗುಂಪಿನ ವಿಡಿಯೊ. ಆ ಗುಂಪಿನ ಲಿಸಾ ಕೂತ ಸಿಂಹಾಸನದ ಪಕ್ಕ ನೆಲದ ಮೇಲೆ ಗಣೇಶನ ಮೂರ್ತಿ ಇತ್ತು. ಗಲಾಟೆಯಾಯಿತು, ಮೂರ್ತಿ ವಿಡಿಯೊದಿಂದ ಮಾಯವಾಯಿತು. ನೋವು ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ದೇವರನ್ನು ಅಲಂಕಾರದ ಸಾಮಾನು ಮಾಡಿದ್ದರು. ಕೆ-ಪಾಪ್ ಗಣೇಶನ ಮೇಲೆ ನಿಂತಿಲ್ಲ. ಕಪ್ಪು ಸಂಗೀತ ತೆಗೆದರೆ ಕೆ-ಪಾಪ್‌ನಲ್ಲಿ ನಿಲ್ಲಲು ನೆಲವೇ ಇರುವುದಿಲ್ಲ.

ದುಡ್ಡು

ಹಾಡು ಬರೆದವರ ಮಟ್ಟಿಗೆ ಪರಿಸ್ಥಿತಿ ವಾಸಿ. ಟೆಡ್ಡಿ ರೈಲಿಯಂಥವರ ಹೆಸರು ಹಾಡಿನ ಮೇಲೆ ಇರುತ್ತದೆ, ಪಾಲು ಹೋಗುತ್ತದೆ. ಪ್ಯಾಟ್ ಬೂನ್ ಕಾಲಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಅದನ್ನು ಒಪ್ಪಬೇಕು. ಕುಣಿತದ ಕಥೆ ಹಾಗಲ್ಲ. ಮೂನ್ ನೈಟ್‌ನಲ್ಲಿ ಕಲಿತವರ ಹೆಸರೆಲ್ಲ ನಮಗೆ ಬಾಯಿಪಾಠ. ಕಲಿಸಿದವರನ್ನು ಸಾಮಾನ್ಯವಾಗಿ ‘ಕಪ್ಪು ಸೈನಿಕರು’ ಅಂತ ಹೇಳಿ ಮುಂದೆ ಹೋಗುತ್ತಾರೆ.

2020ರ ಜೂನ್‌ನಲ್ಲಿ ಬಿಟಿಎಸ್ ಮತ್ತು ಅವರ ಕಂಪನಿ ಕಪ್ಪು ಜನರ ಹಕ್ಕಿನ ಚಳವಳಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ಗೆ 10 ಲಕ್ಷ ಡಾಲರ್ ಕೊಟ್ಟರು. ಅಭಿಮಾನಿಗಳು ಸುಮಾರು ಒಂದೇ ದಿನದಲ್ಲಿ ಅಷ್ಟೇ ಹಣ ಕೂಡಿಸಿದರು. ದೊಡ್ಡ ಮಾತು. ಆದರೆ ದೇಣಿಗೆ ಬೇರೆ, ಪಾಲು ಬೇರೆ. ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆಯಬೇಡಿ.

ಕೇಳಬೇಕಾದ್ದು

ಸದ್ದಿನ ಭಾಗವನ್ನು ಓದಿ ಕಲಿಯಲು ಆಗುವುದಿಲ್ಲ. ಮೊದಲು ಟೆಡ್ಡಿ ರೈಲಿ ಅವರ ‘ಗೈ’ ಗುಂಪಿನ 1988ರ ಹಾಡುಗಳು, ಹಿಂದೆಯೇ 1993ರ ಡ್ಯೂಸ್. ಮಾತು ಬಿಡಿ, ಡ್ರಮ್ ಮಾತ್ರ ಕೇಳಿ. ಏಟುಗಳು ಗಡಿಯಾರದಂತೆ ಸಮವಾಗಿ ಬೀಳುವುದಿಲ್ಲ, ಒಂದು ಸ್ವಲ್ಪ ತಡವಾಗಿ ತೂಗಿ ಬೀಳುತ್ತದೆ. ಆ ತೂಗಾಟ ಎರಡರಲ್ಲೂ ಒಂದೇ. ಆಮೇಲೆ ಡ್ಯೂಸ್ ಅದರ ಮೇಲೆ ಕೊರಿಯನ್ ಮಾತುಗಳನ್ನು ಎಲ್ಲಿ ತುಂಡರಿಸಿ ಕೂರಿಸಿದ್ದಾರೆ ಅಂತ ಗಮನಿಸಿ. ಅದು ಹಾರ್ಲೆಮ್‌ನಲ್ಲಿ ಇರಲಿಲ್ಲ, ಅವರದೇ ಕೆಲಸ.