ಎಕ್ಕದ ಗಿಡ: ಹಾಲು, ನಾರು, ಬೈಗುಳ

ಸಕಲೇಶಪುರದ ಮಳೆ ನಾಡಲ್ಲಿ ಎಕ್ಕ ಅಪರೂಪ. ಅರಸೀಕೆರೆ, ಕಡೂರು ಕಡೆ ಬನ್ನಿ, ರೈಲು ಹಳಿ ಪಕ್ಕ, ಪಾಳು ಹೊಲ, ಬಿದ್ದ ಗೋಡೆ, ಎಲ್ಲಿ ನೋಡಿದರೂ ಅದೇ. 'ಎಕ್ಕುಟ್ಟೋಗ' ಅಂತ ಬೈಯುತ್ತಾರಲ್ಲ, ಅದು 'ಎಕ್ಕ ಹುಟ್ಟಿ ಹೋಗ' ಅನ್ನುವುದೇ. ಪಾಳುಬಿದ್ದ ಜಾಗ ಹಿಡಿಯುವ ಗಿಡ ಅಂತ ನಮ್ಮ ಅಜ್ಜಿಯರಿಗೆ ಪುಸ್ತಕ ಓದದೇ ಗೊತ್ತಿತ್ತು.

ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಎಕ್ಕದ ಎರಡು ಜಾತಿಗಳ ಹತ್ತಿರ. ನಮ್ಮ ಕಡೆ ಜಾಸ್ತಿ ಕಾಣುವುದು ಕ್ಯಾಲೋಟ್ರೋಪಿಸ್ ಜೈಗಾಂಟಿಯ. ಥಾರ್, ಅರೇಬಿಯ, ಸಹಾರದ ಮರಳಲ್ಲಿ ಬೆಳೆಯುವುದು ಕ್ಯಾಲೋಟ್ರೋಪಿಸ್ ಪ್ರೊಸೆರಾ. ಹೂ ನೋಡಿದರೆ ಸಾಕು: ನಮ್ಮದರ ದಳ ಹರಡಿ ಹಿಂದಕ್ಕೆ ಬಾಗಿರುತ್ತದೆ, ಪ್ರೊಸೆರಾದ್ದು ಬಟ್ಟಲಿನಂತೆ ಮೇಲಕ್ಕೆ ನಿಂತು ತುದಿಯಲ್ಲಿ ನೇರಳೆ ಬಣ್ಣ.

ಒಂದು ಎಲೆ ಕಿತ್ತು ಬೆರಳಾಡಿಸಿ. ಬೂದಿಯಂಥ ಪುಡಿ ಅಂಟುತ್ತದೆ, ಅದು ಮೇಣ, ನೀರು ಆರದ ಹಾಗೆ ತಡೆಯುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ. ತೊಟ್ಟಿನಿಂದ ಹಾಲು ತೊಟ್ಟಿಕ್ಕುತ್ತದೆ, ಅದರಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ, ಆದ್ದರಿಂದ ಹಸಿದ ದನವೂ ಸುಮ್ನೆ ದಾಟಿ ಹೋಗುತ್ತದೆ.

ಹಳೆಯ ಬಳಕೆಗಳೆಲ್ಲ ಹೆಚ್ಚಾಗಿ ಮೈ ಹೊರಗಿನವು, ಗಮನಿಸಿ. ಕಾಲಿಗೆ ಮುಳ್ಳು ಮುರಿದರೆ ಅದರ ಮೇಲೆ ಎರಡು ಹನಿ ಹಾಲು. ಮಂಡಿ ಊದಿದರೆ ಹರಳೆಣ್ಣೆ ಸವರಿ ಬಿಸಿ ಮಾಡಿದ ಎಲೆ ಕಟ್ಟುವುದು. ಕಾಂಡದ ತೊಗಟೆಯ ನಾರಿನಿಂದ ಹಗ್ಗ, ಮೀನು ಹಿಡಿಯುವ ದಾರ. ಬೀಜದ ರೇಷ್ಮೆಯಂಥ ಅರಳೆಯನ್ನು ದಿಂಬಿಗೆ ತುಂಬುತ್ತಿದ್ದರು. ರಥಸಪ್ತಮಿಯಂದು ತಲೆ, ಭುಜದ ಮೇಲೆ ಎಲೆ ಇಟ್ಟು ಸ್ನಾನ ಮಾಡುವುದು ಗೊತ್ತೇ ಇದೆ, 'ಅರ್ಕ' ಅಂದರೆ ಸೂರ್ಯ, ಅದರ ತದ್ಭವವೇ ಎಕ್ಕ.

ಚಿಕ್ಕವನಿದ್ದಾಗ ಮೊಗ್ಗು ಪಟ್ ಅಂತ ಒಡೆಯುವ ಆಟದಲ್ಲಿ ನನ್ನ ಕಣ್ಣಿಗೆ ಹಾಲು ಸಿಡಿದಿತ್ತು. ನೋವು ಅಷ್ಟೇನೂ ಇರಲಿಲ್ಲ, ಸಂಜೆಗೆ ಎಲ್ಲ ಮಂಜು ಮಂಜು. ಅದೇ ಇದರ ಮೋಸ, ನೋವಿಲ್ಲ ಅಂತ ಬಿಡಬೇಡಿ, ತಕ್ಷಣ ನೀರಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸ್ಯಾಂಪಲ್ ಕಿತ್ತ ಮೇಲೆ ಕೈ ತೊಳೆಯದೆ ಕಣ್ಣು ಉಜ್ಜಬೇಡಿ.

ಇಷ್ಟು ವಿಷದ ಎಲೆಯನ್ನೂ ಮೇಯುವವರು ಇದ್ದಾರೆ. ಎಲೆಯಡಿ ತಿರುಗಿಸಿ ನೋಡಿ, ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಸಿಗಬಹುದು. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದು. ತಿಂದ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಒಮ್ಮೆ ಕುಕ್ಕಿ ಉಗುಳಿದ ಹಕ್ಕಿ ಮತ್ತೆ ಅದರ ತಂಟೆಗೆ ಬರುವುದು ಕಡಿಮೆ.