ಅವಿಭಾಜ್ಯ ಅಲ್ಲ ಅಂದಾಕ್ಷಣ ಬೀಗ ಒಡೆಯುವುದಿಲ್ಲ

2024ರ ಅಕ್ಟೋಬರ್‌ನಲ್ಲಿ ಹೊಸ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕ ಸುದ್ದಿ ಬಂತು. 2ರ 13,62,79,841ನೇ ಘಾತ, ಅದರಲ್ಲಿ 1 ಕಳೆಯಬೇಕು. ಬರೆದರೆ 4 ಕೋಟಿಗೂ ಜಾಸ್ತಿ ಅಂಕಿ. ಮುಂಬಯಿಯ ಮಾಟುಂಗಾದ ನನ್ನ ಹಳೆಯ ಗಿರಾಕಿ, ಸಹಕಾರಿ ಬ್ಯಾಂಕ್ ಒಂದರ ಹಿರಿಯರು, ಅವತ್ತೇ ಫೋನ್ ಮಾಡಿದರು. "ಮಾರಾಯ್ರೇ, ಇನ್ನು ನಮ್ಮ ನೆಟ್‌ಬ್ಯಾಂಕಿಂಗ್ ಗತಿ ಏನು?"

ಏನೂ ಆಗುವುದಿಲ್ಲ. ನೆಟ್‌ಬ್ಯಾಂಕಿಂಗ್ ಮಾಹಿತಿಯನ್ನು ಗುಟ್ಟಾಗಿಡುವ ಬೀಗಕ್ಕೆ ಸಾಮಾನ್ಯವಾಗಿ 309 ಅಂಕಿ ಆಸುಪಾಸಿನ ಎರಡು ಅವಿಭಾಜ್ಯಗಳು ಸಾಕು. ಅವನ್ನು ಗುಣಿಸಿದ 617 ಅಂಕಿಯ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಆ ಎರಡು ಮಾತ್ರ ಗುಟ್ಟು. ಅವು ಸಿಕ್ಕರೆ ಬೀಗ ಒಡೆದಂತೆ. ಜಗತ್ತಿಗೇ ಗೊತ್ತಿರುವ ಸಂಖ್ಯೆ ಗುಟ್ಟಿಗೆ ಯಾಕೆ ಬೇಕು?

ಆದರೆ ಅವರ ನಿಜವಾದ ಅನುಮಾನ ಬೇರೆ. ವರ್ಷಗಳಿಂದ ಎಲ್ಲರೂ ಇದನ್ನೇ ಕೇಳುತ್ತಾರೆ. "ಇದು ಅವಿಭಾಜ್ಯ ಅಲ್ಲ ಅಂತ ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದಲ್ವಾ? ಹಾಗಾದರೆ ಅದನ್ನು ಭಾಗಿಸಿ ಅಪವರ್ತನ ಕಂಡುಹಿಡಿದಿದೆ ಅಂತಲೇ ಅರ್ಥ." ಅಲ್ಲ ಸ್ವಾಮಿ, ಆ ಸಂಖ್ಯೆಯನ್ನು ಭಾಗಿಸಿಯೇ ಇಲ್ಲ!

ಹೋಟೆಲಿನಲ್ಲಿ ಕೂತು ಬಿಲ್ಲಿನ ಹಿಂದೆ ಬರೆದು ತೋರಿಸಿದೆ. 91 ಅವಿಭಾಜ್ಯವಾಗಿದ್ದರೆ 2ರ 90ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಇದು ಗಣಿತಜ್ಞ ಫರ್ಮಾ ಕೊಟ್ಟ ನಿಯಮ. 2ರ 12ನೇ ಘಾತ 4096. 91ರ 45 ಪಟ್ಟು 4095. ಶೇಷ 1. 90ರಲ್ಲಿ ಹನ್ನೆರಡು ಹನ್ನೆರಡಾಗಿ 84 ಹೋದರೆ ಉಳಿಯುವುದು 6. 2ರ 6ನೇ ಘಾತ 64. ಅಂದರೆ ಶೇಷ 64, 1 ಅಲ್ಲ. 91 ಸಿಕ್ಕಿಬಿತ್ತು. 91 ಅಂದರೆ 7 ಸಲ 13. ಈ ಲೆಕ್ಕದಲ್ಲಿ 7 ಎಲ್ಲಾದರೂ ಬಂತಾ? 13 ಬಂತಾ? ಅವರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

(ಶೇಷ 1 ಬಂದರೆ ಅವಿಭಾಜ್ಯವೇ ಅಂತ ಹೇಳುವಂತಿಲ್ಲ. 341 ಈ ಪರೀಕ್ಷೆ ದಾಟುತ್ತದೆ, ಆದರೆ ಅದು 11 ಸಲ 31. ಅದಕ್ಕೇ ನಾವು ಇದಕ್ಕಿಂತ ಬಿಗಿಯಾದ ಪರೀಕ್ಷೆಯನ್ನು ಬೇರೆ ಬೇರೆ ಸಂಖ್ಯೆ ಹಿಡಿದು ಹಲವು ಸಲ ಮಾಡುತ್ತೇವೆ.)

2ರ 67ನೇ ಘಾತದಲ್ಲಿ 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯವಲ್ಲ ಅಂತ ಫ್ರೆಂಚ್ ಗಣಿತಜ್ಞ ಲೂಕಾ 1876ರಲ್ಲೇ ತೋರಿಸಿದ್ದ. ಅಪವರ್ತನಗಳು ಮಾತ್ರ ಸಿಕ್ಕಿರಲಿಲ್ಲ. 1903ರಲ್ಲಿ ಕೋಲ್ ಎಂಬ ಅಮೆರಿಕದ ಗಣಿತಜ್ಞ 19,37,07,721 ಮತ್ತು 7,61,83,82,57,287 ಎಂಬ ಎರಡನ್ನು ಮುಂದಿಟ್ಟ. ಮೂರು ವರ್ಷದ ಭಾನುವಾರಗಳು ಅದಕ್ಕೇ ಹೋದವಂತೆ. ಬರೀ 21 ಅಂಕಿಯ ಸಂಖ್ಯೆಗೆ 27 ವರ್ಷ! ಈಗಿನ ಕಂಪ್ಯೂಟರಿಗೆ ಅದು ಚಿಟಿಕೆ ಹೊಡೆದಷ್ಟು ಸುಲಭ, ಒಪ್ಪುತ್ತೇನೆ. ಹಾಗಿದ್ದೂ 250 ಅಂಕಿಯ ಸವಾಲಿನ ಸಂಖ್ಯೆಯೊಂದನ್ನು ಒಡೆಯಲು 2020ರವರೆಗೆ ಕಾಯಬೇಕಾಯಿತು. 617 ತುಂಬ ದೂರ.

ಎಂದೆಂದಿಗೂ ದೂರವೇ ಅಂತ ಬರೆದುಕೊಡಲಾರೆ. ಅಪವರ್ತನ ಹುಡುಕುವುದು ಕಷ್ಟವೇ ಅಂತ ಯಾರೂ ಸಾಧಿಸಿಲ್ಲ. ಅಪವರ್ತನ ಬೇಗ ಹುಡುಕಬಲ್ಲ ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಈ ಬೀಗ ಬದಲಿಸಲೇಬೇಕು.

ಅಂದಹಾಗೆ, ಆ ಬ್ಯಾಂಕಿನ ಗುಟ್ಟಿನ ಕೀ ಇದ್ದ ಫೈಲ್ ಮೂರು ಜನರ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿತ್ತು. ಅದನ್ನು ಕೇಳಿದ್ದಕ್ಕೆ ಹಿರಿಯರು ಇನ್ನೊಂದು ಕಾಫಿ ಹೇಳಿದರು.